ಗೋತ್ರದ ದಾರಿ, ವರ್ಣತಂತುವಿನ ದಾರಿ

ಮದುವೆಯ ಮಾತುಕತೆಯಲ್ಲಿ ನಮ್ಮ ಅನೇಕ ಮನೆಗಳು ಮೊದಲು ಕೇಳುವುದು ಗೋತ್ರವನ್ನು. ಗೋತ್ರ ಒಂದೇ ಎಂದು ತಿಳಿದರೆ ಜಾತಕ ಎಷ್ಟೇ ಕೂಡಿಬಂದರೂ ಮಾತು ಅಲ್ಲಿಗೇ ನಿಲ್ಲುತ್ತದೆ. ಗೋತ್ರದ ರೂಢಿಯಿಲ್ಲದ ಕಡೆ ಬೆಡಗು, ಬಳಿ, ಮನೆತನದ ಹೆಸರು ಇದೇ ಕೆಲಸ ಮಾಡುತ್ತವೆ. ಇಷ್ಟು ಕಟ್ಟುನಿಟ್ಟಾದ ಮನೆಗಳಲ್ಲೇ ಎಷ್ಟೋ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದಕ್ಕಾಗಲಿ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದಕ್ಕಾಗಲಿ ಅಡ್ಡಿಯಿಲ್ಲ. ಅದು ಹಕ್ಕಿನ ಸಂಬಂಧವೆಂದೇ ನಡೆದುಬಂದಿದೆ. ಈಚೆಗೆ ಈ ಏರ್ಪಾಡಿಗೆ ವಿಜ್ಞಾನದ ಹೆಸರಿನಲ್ಲಿ ಒಂದು ಸಮರ್ಥನೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಗೋತ್ರವೆಂದರೆ ವೈ ವರ್ಣತಂತುವಿನ ಗುರುತು, ಸಗೋತ್ರದಲ್ಲಿ ಮದುವೆ ಬೇಡವೆಂದ ಹಿರಿಯರಿಗೆ ತಳಿವಿಜ್ಞಾನ ತಿಳಿದಿತ್ತು, ಹಾಗಾಗಿ ಗೋತ್ರ ಬೇರೆಯಾದರೆ ಹುಟ್ಟುವ ಮಕ್ಕಳ ಬಗ್ಗೆ ಭಯವಿಲ್ಲ ಎಂಬುದು ಅದರ ತಿರುಳು. ಗೋತ್ರವೂ ವೈ ವರ್ಣತಂತುವೂ ಒಂದೇ ದಾರಿಯಲ್ಲಿ ಸಾಗುತ್ತವೆ ಎನ್ನುವವರೆಗೆ ಈ ಮಾತಿನಲ್ಲಿ ತಪ್ಪಿಲ್ಲ. ಅದರಿಂದ ತೆಗೆಯುವ ತೀರ್ಮಾನ ಮಾತ್ರ ಪೂರ್ತಿ ತಪ್ಪು, ಮತ್ತು ಆ ತಪ್ಪಿಗೆ ಬೆಲೆ ತೆರುವವರು ಮಕ್ಕಳು. ಆದ್ದರಿಂದ ಇದನ್ನು ಬಿಡಿಸಿ ನೋಡಬೇಕು.

ನಮ್ಮ ದೇಹದ ಬಹುತೇಕ ಪ್ರತಿ ಜೀವಕೋಶದ ನಡುವೆ 46 ವರ್ಣತಂತುಗಳಿವೆ, ಅಂದರೆ 23 ಜೋಡಿ. ಮನುಷ್ಯನಲ್ಲಿ ಅವು 48 ಎಂದೇ ಬಹಳ ಕಾಲ ನಂಬಲಾಗಿತ್ತು. ಸರಿಯಾದ ಎಣಿಕೆ ಸಿಕ್ಕಿದ್ದು 1956ರಲ್ಲಿ, ಜೋ ಹಿನ್ ಟಿಜಿಯೊ ಮತ್ತು ಆಲ್ಬರ್ಟ್ ಲೆವಾನ್ ಅವರಿಂದ. ಪ್ರತಿ ಜೋಡಿಯಲ್ಲೂ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ವರ್ಣತಂತು ಎಂದರೆ ಬಿಗಿಯಾಗಿ ಸುತ್ತಿಟ್ಟ ಡಿಎನ್‌ಎ ಎಳೆ. ಆ ಎಳೆಯ ಮೇಲೆ ಒಂದೊಂದು ಪ್ರೋಟೀನನ್ನು ಹೇಗೆ ಕಟ್ಟಬೇಕು ಎಂಬ ಸೂಚನೆಯಿರುವ ತುಣುಕುಗಳೇ ಜೀನುಗಳು, ಅಂದರೆ ವಂಶವಾಹಿಗಳು. ಇಂಥ ಜೀನುಗಳು ಮನುಷ್ಯನಲ್ಲಿ ಸುಮಾರು 20,000. ವರ್ಣತಂತುಗಳು ಜೋಡಿಯಾಗಿರುವುದರಿಂದ ಹೆಚ್ಚಿನ ಜೀನುಗಳಿಗೆ ನಮ್ಮಲ್ಲಿ ಎರಡೆರಡು ಪ್ರತಿಗಳಿರುತ್ತವೆ. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಪ್ರತಿ ಜೋಡಿಯಿಂದ ಒಂದು ಮಾತ್ರ ಮುಂದಕ್ಕೆ ಹೋಗುತ್ತದೆ. ಯಾವುದು ಹೋಗಬೇಕೆಂಬುದಕ್ಕೆ ಕಟ್ಟಳೆಯಿಲ್ಲ. ಹೋಗುವ ಮೊದಲು ಜೋಡಿಯ ಎರಡೂ ಎಳೆಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹಾಗಾಗಿ ನಾವು ತಾಯಿಯಿಂದ ಪಡೆಯುವ ಒಂದೊಂದು ವರ್ಣತಂತುವಿನಲ್ಲೂ ಸಾಮಾನ್ಯವಾಗಿ ಅವಳ ತಾಯಿಯ ಭಾಗವೂ ಅವಳ ತಂದೆಯ ಭಾಗವೂ ಬೆರೆತಿರುತ್ತವೆ. ತಲೆಮಾರಿನಿಂದ ತಲೆಮಾರಿಗೆ ಹೀಗೆ ಬೆರೆಯುತ್ತಲೇ ಇಳಿಯುವ ಈ ಸೊತ್ತು ಗಂಡುಸಾಲು ಹೆಣ್ಣುಸಾಲು ಎಂದು ಭೇದ ಮಾಡುವುದಿಲ್ಲ.

ಇದಕ್ಕೆ ದೊಡ್ಡ ಅಪವಾದವೇ ವೈ. ಅದು ಗಂಡಸರಲ್ಲಿ ಮಾತ್ರ ಇರುತ್ತದೆ ಮತ್ತು ಬಹುಮಟ್ಟಿಗೆ ಹಾಗೆಹಾಗೆಯೇ ತಂದೆಯಿಂದ ಮಗನಿಗೆ ಇಳಿಯುತ್ತದೆ. ಗೋತ್ರವೂ ತಂದೆಯಿಂದ ಮಗನಿಗೆ ಇಳಿಯುವಂಥದ್ದೇ ಆದ್ದರಿಂದ ಎರಡರ ದಾರಿ ಒಂದೇ. ಆದರೆ ಆ ದಾರಿಯಲ್ಲಿ ಸಾಗುವ ಸರಕು ಎಷ್ಟು? 2023ರಲ್ಲಿ ವೈ ವರ್ಣತಂತುವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದಾಗ ಅದರಲ್ಲಿ ಸಿಕ್ಕಿದ್ದು ಸುಮಾರು 6.2 ಕೋಟಿ ಡಿಎನ್‌ಎ ಅಕ್ಷರಗಳು. ವರ್ಣತಂತುಗಳ ಒಂದು ಪೂರ್ತಿ ಕಟ್ಟಿನಲ್ಲಿ 300 ಕೋಟಿಗೂ ಮಿಕ್ಕಿ ಅಕ್ಷರಗಳಿವೆ. ಪ್ರೋಟೀನ್ ಕಟ್ಟುವ ಜೀನುಗಳ ಲೆಕ್ಕ ಹಿಡಿದರಂತೂ ವೈ ಪಾಲಿಗೆ ಬರುವುದು 20,000ದಲ್ಲಿ ನೂರರ ಆಸುಪಾಸು. ಇನ್ನೂ ಮುಖ್ಯವಾದ ವಿಷಯವೆಂದರೆ ವಧುವಿನಲ್ಲಿ ವೈ ಇಲ್ಲವೇ ಇಲ್ಲ. ಅವಳ 46 ವರ್ಣತಂತುಗಳಲ್ಲಿ ಒಂದೂ ಗೋತ್ರದ ದಾರಿಯನ್ನು ಮಾತ್ರ ಹಿಡಿದು ಬಂದದ್ದಲ್ಲ. ವರನ ವೈ ಅವನ ಮಗನಿಗೆ ಹೋಗುತ್ತದೆ, ವಧು ಯಾವ ಗೋತ್ರದವಳೇ ಆಗಿರಲಿ ಆ ವೈಗೆ ಅದರಿಂದ ಒಳಿತೂ ಇಲ್ಲ, ಕೆಡುಕೂ ಇಲ್ಲ. ಹಾಗಾದರೆ ವಧುವಿನ ಗೋತ್ರವನ್ನು ಕೇಳಿ ವೈ ವರ್ಣತಂತುವನ್ನು ಕಾಪಾಡಿದೆವು ಎನ್ನುವುದಕ್ಕೆ ಅರ್ಥವೇನು?

ಈಗ ಅಕ್ಕನ ಮಗಳ ವಿಷಯಕ್ಕೆ ಬರೋಣ. ಅಕ್ಕನಿಗೂ ತಮ್ಮನಿಗೂ ಹುಟ್ಟಿನಿಂದ ಒಂದೇ ಗೋತ್ರ. ಮದುವೆಯಲ್ಲಿ ಧಾರೆಯೆರೆದ ಮೇಲೆ ಅಕ್ಕ ಗಂಡನ ಗೋತ್ರಕ್ಕೆ ಸೇರುತ್ತಾಳೆ, ಅವಳಿಗೆ ಹುಟ್ಟುವ ಮಗಳದೂ ಅದೇ ಗೋತ್ರ. ಹೀಗೆ ತಮ್ಮನೂ ಅಕ್ಕನ ಮಗಳೂ ಬೇರೆ ಗೋತ್ರದವರಾದರು. ಆದರೆ ಧಾರೆಯ ನೀರು ಬಿದ್ದಾಗ ಅಕ್ಕನ ಒಂದು ವರ್ಣತಂತುವೂ ಬದಲಾಗಲಿಲ್ಲ. ಒಡಹುಟ್ಟಿದವರ ನಡುವೆ ಸರಾಸರಿ ಅರ್ಧದಷ್ಟು ಡಿಎನ್‌ಎ ಸಮಾನ. ಅದರಲ್ಲಿ ಅರ್ಧ ಮಗಳಿಗೆ ಇಳಿಯುವುದರಿಂದ ಸೋದರಮಾವನಿಗೂ ಅಕ್ಕನ ಮಗಳಿಗೂ ಸರಾಸರಿ ನಾಲ್ಕನೇ ಒಂದು ಪಾಲು ಸಮಾನ. ಅಜ್ಜನಿಗೂ ಮೊಮ್ಮಗಳಿಗೂ ಇರುವ ಸಂಬಂಧ ಇಷ್ಟೇ. ತಂದೆ ಒಬ್ಬನೇ ಆಗಿ ತಾಯಂದಿರು ಬೇರೆಯಾದ ಅಣ್ಣತಂಗಿಯರ ಸಂಬಂಧವೂ ಇಷ್ಟೇ. ಆ ಎರಡು ಮದುವೆಗಳನ್ನು ಯಾರೂ ಯೋಚಿಸಲಾರರು, ಮೂರನೆಯದಕ್ಕೆ ಮಾತ್ರ ಚಪ್ಪರ ಹಾಕುತ್ತೇವೆ. ವರಸೆಯ ಲೆಕ್ಕವೂ ಹೀಗೆಯೇ. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು ನಮಗೆ ಅಣ್ಣ ತಮ್ಮ ಅಕ್ಕ ತಂಗಿಯರು, ಮದುವೆಯ ಮಾತೇ ಕೂಡದು. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ವರಸೆಯಾಗುತ್ತಾರೆ. ವರ್ಣತಂತುಗಳ ಲೆಕ್ಕದಲ್ಲಿ ಈ ನಾಲ್ಕೂ ಬಗೆಯವರು ನಮ್ಮೊಂದಿಗೆ ಹಂಚಿಕೊಳ್ಳುವುದು ಸರಾಸರಿ ಎಂಟನೇ ಒಂದು ಪಾಲು. ಇನ್ನು ಹತ್ತು ತಲೆಮಾರಿನ ಹಿಂದೆ ಒಂದೇ ದಂಪತಿಯಿಂದ ಕವಲೊಡೆದ ಸಗೋತ್ರದ ಗಂಡುಹೆಣ್ಣನ್ನು ತೆಗೆದುಕೊಳ್ಳಿ. ಅವರ ನಡುವಿನ ಸಮಾನ ಪಾಲು ಐದು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ಆ ಮದುವೆ ನಿಷಿದ್ಧ, ನಾಲ್ಕರಲ್ಲಿ ಒಂದು ಪಾಲಿನದು ಪ್ರಶಸ್ತ.

ತುಳುನಾಡಿನತ್ತ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಳಿಯಸಂತಾನದ ಸಮುದಾಯಗಳಲ್ಲಿ ಬಳಿ ಇಳಿಯುವುದು ತಾಯಿಯಿಂದ. ಅಲ್ಲಿ ಸೋದರಮಾವನೂ ಅಕ್ಕನ ಮಗಳೂ ಒಂದೇ ಬಳಿಯವರು, ಆದ್ದರಿಂದ ಮದುವೆ ಸಲ್ಲದು. ಸೋದರಮಾವನ ಮಗಳು ಬೇರೆ ಬಳಿಯವಳು, ಆದ್ದರಿಂದ ಸಲ್ಲುತ್ತದೆ. ಒಂದೇ ರಾಜ್ಯದಲ್ಲಿ ಗೋತ್ರ ಒಪ್ಪಿದ್ದನ್ನು ಬಳಿ ಒಪ್ಪುವುದಿಲ್ಲ. ತಾಯಿಯಿಂದ ಮಾತ್ರ ಇಳಿಯುವ ಡಿಎನ್‌ಎಯೂ ನಮ್ಮಲ್ಲಿದೆ. ಅದು ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ 16,569 ಅಕ್ಷರಗಳ, 37 ಜೀನುಗಳ ಪುಟ್ಟ ಸುರುಳಿ. ಗೋತ್ರ ವೈಯ ವಿಜ್ಞಾನವಾದರೆ ಬಳಿ ಮೈಟೊಕಾಂಡ್ರಿಯದ ವಿಜ್ಞಾನ ಎನ್ನಬೇಕಾಗುತ್ತದೆ, ಎರಡರ ತೀರ್ಪು ಮಾತ್ರ ಒಂದಕ್ಕೊಂದು ವಿರುದ್ಧ. ಎರಡೂ ನೆಂಟಸ್ತಿಕೆಯನ್ನು, ಮನೆತನದ ಹೆಸರನ್ನು, ಆಸ್ತಿಯ ಹರಿವನ್ನು ನಿಭಾಯಿಸಲು ಸಮಾಜ ಕಟ್ಟಿಕೊಂಡ ಏರ್ಪಾಡುಗಳು ಎಂದು ತಿಳಿದರೆ ಈ ವಿರೋಧವೇ ಉಳಿಯುವುದಿಲ್ಲ. ಹಾಗೆ ತಿಳಿಯುವುದರಿಂದ ಹಿರಿಯರಿಗೆ ಅಗೌರವವೂ ಆಗದು. ಅವರು ತಮ್ಮ ಕಾಲದ ಪ್ರಶ್ನೆಗೆ ಉತ್ತರ ಹುಡುಕಿಕೊಂಡಿದ್ದರು, ಅದು ವರ್ಣತಂತುವಿನ ಪ್ರಶ್ನೆಯಾಗಿರಲಿಲ್ಲ.

ಸಮಾನ ಪಾಲು ಇದ್ದರೆ ತೊಂದರೆಯೇನು ಎಂಬುದಕ್ಕೆ ಉತ್ತರ ಮೆಂಡಲ್‌ನ ಬಟಾಣಿಯಲ್ಲಿದೆ. ಬ್ರನೋ ಊರಿನ ಮಠದ ತೋಟದಲ್ಲಿ ಗ್ರೆಗರ್ ಮೆಂಡಲ್ ದುಂಡು ಬೀಜದ ಗಿಡವನ್ನೂ ಸುಕ್ಕು ಬೀಜದ ಗಿಡವನ್ನೂ ಕೂಡಿಸಿದಾಗ ಮೊದಲ ತಲೆಮಾರಿನ ಬೀಜಗಳೆಲ್ಲ ದುಂಡಾದವು. ಅವುಗಳಿಂದ ಬೆಳೆದ ಗಿಡಗಳಲ್ಲಿ ಮುಂದಿನ ತಲೆಮಾರು ಹುಟ್ಟಿದಾಗ 5,474 ದುಂಡು ಬೀಜಗಳ ಜೊತೆಗೆ 1,850 ಸುಕ್ಕು ಬೀಜಗಳು ಬಂದವು, ಹೆಚ್ಚುಕಡಿಮೆ ಮೂರಕ್ಕೆ ಒಂದರಂತೆ. ಸುಕ್ಕು ಅಳಿದುಹೋಗಿರಲಿಲ್ಲ, ಒಂದು ತಲೆಮಾರು ಕಾಣದೆ ಕುಳಿತಿತ್ತು. 1866ರಲ್ಲಿ ಪ್ರಕಟವಾದ ಈ ಲೆಕ್ಕಕ್ಕೆ ರಾಸಾಯನಿಕ ಕಾರಣ ಸಿಕ್ಕಿದ್ದು 1990ರಲ್ಲಿ. ಪಿಷ್ಟವನ್ನು ಕವಲೊಡೆಸುವ ಒಂದು ಕಿಣ್ವದ ಜೀನು ಸುಕ್ಕು ಬಟಾಣಿಯಲ್ಲಿ ಕೆಟ್ಟಿದೆ. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಬೀಜ ದುಂಡಾಗುತ್ತದೆ. ಎರಡೂ ಕೆಟ್ಟಾಗ ಮಾತ್ರ ಸುಕ್ಕು. ನಮ್ಮ ಶಾಲೆಯ ಪಠ್ಯದಲ್ಲಿ ದುರ್ಬಲ ಗುಣ ಎನ್ನುವುದು ಇದನ್ನೇ. ಮನುಷ್ಯರಲ್ಲಿಯೂ ನೂರಾರು ಕಾಯಿಲೆಗಳು ಇದೇ ಬಗೆಯವು. ಒಂದು ಪ್ರತಿ ಮಾತ್ರ ಕೆಟ್ಟಿರುವವರು ಆರೋಗ್ಯವಾಗಿಯೇ ಇರುತ್ತಾರೆ, ಅವರನ್ನು ವಾಹಕರು ಎನ್ನುತ್ತಾರೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಇದರ ಸುಳಿವು ಮನುಷ್ಯರಲ್ಲಿ ಮೊದಲು ಸಿಕ್ಕಿದ್ದೂ ಒಳಸಂಬಂಧದ ಮನೆಗಳಲ್ಲಿಯೇ. ಮೂತ್ರ ಕಪ್ಪಗಾಗುವ ಆಲ್ಕ್ಯಾಪ್ಟೊನೂರಿಯ ಎಂಬ ಅಪರೂಪದ ಸ್ಥಿತಿಯನ್ನು ಅಭ್ಯಾಸ ಮಾಡುತ್ತಿದ್ದ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಅಂಥ ಮಕ್ಕಳ ತಾಯ್ತಂದೆಯರಲ್ಲಿ ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳಾಗಿದ್ದು ಮದುವೆಯಾದವರೇ ವಿಪರೀತ ಹೆಚ್ಚು ಎಂದು 1902ರಲ್ಲಿ ಬರೆದ. ಮೆಂಡಲ್‌ನ ಲೆಕ್ಕ ಮನುಷ್ಯನ ಕಾಯಿಲೆಗೂ ಸಲ್ಲುತ್ತದೆ ಎಂಬ ತಿಳಿವಳಿಕೆ ಶುರುವಾದದ್ದು ಹೀಗೆ.

ಒಂದು ಲೆಕ್ಕ ಹಾಕಿ ನೋಡೋಣ. ನೂರು ಜನರಲ್ಲಿ ಒಬ್ಬರು ವಾಹಕರಾಗಿರುವ ಒಂದು ದುರ್ಬಲ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಸಂಬಂಧವೇ ಇಲ್ಲದ ಇಬ್ಬರು ಮದುವೆಯಾದರೆ ಇಬ್ಬರೂ ವಾಹಕರಾಗಿರುವ ಸಂಭವ ಹತ್ತು ಸಾವಿರದಲ್ಲಿ ಒಂದು. ಅದರ ಕಾಲುಭಾಗ, ಅಂದರೆ 40,000ದಲ್ಲಿ ಒಂದು, ಮಗುವಿಗೆ ಕಾಯಿಲೆ ಬರುವ ಸಂಭವ. ಈಗ ಸೋದರಮಾವನ ಮದುವೆ. ಮಾವ ವಾಹಕನಾಗಿರುವ ಸಂಭವ ನೂರರಲ್ಲಿ ಒಂದೇ. ಆದರೆ ಅವನು ವಾಹಕನಾಗಿದ್ದರೆ ಅದೇ ಕೆಟ್ಟ ಪ್ರತಿ ಅಕ್ಕನ ಮಗಳಲ್ಲೂ ಇರುವ ಸಂಭವ ನಾಲ್ಕರಲ್ಲಿ ಒಂದಕ್ಕೆ ಏರುತ್ತದೆ, ಏಕೆಂದರೆ ಅದು ಒಂದೇ ಅಜ್ಜ ಅಥವಾ ಅಜ್ಜಿಯಿಂದ ಎರಡು ದಾರಿಯಲ್ಲಿ ಇಳಿದು ಬಂದಿರಬಹುದು. ಎಲ್ಲವನ್ನೂ ಗುಣಿಸಿದರೆ ಮಗುವಿಗೆ ಬರುವ ಸಂಭವ 1,600ರಲ್ಲಿ ಒಂದು, ಅಂದರೆ 25 ಪಟ್ಟು. ಸೋದರತ್ತೆಯ ಮಗನಾದರೆ 3,200ರಲ್ಲಿ ಒಂದು. ಕಾಯಿಲೆ ಅಪರೂಪವಾದಷ್ಟೂ ಈ ಪಟ್ಟು ಏರುತ್ತದೆ, ಸಾಮಾನ್ಯವಾದಷ್ಟೂ ಇಳಿಯುತ್ತದೆ. ಇದು ಒಂದು ಕಾಯಿಲೆಯ ಲೆಕ್ಕ. ದುರ್ಬಲ ಕಾಯಿಲೆಗಳು ನೂರಾರು ಇರುವುದರಿಂದ, ಮತ್ತು ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರೂ ಯಾವುದಾದರೂ ಒಂದೆರಡಕ್ಕೆ ತಿಳಿಯದೆಯೇ ವಾಹಕರಾಗಿರುವುದರಿಂದ, ಸಣ್ಣ ಸಂಭವಗಳೆಲ್ಲ ಕೂಡಿ ಲೆಕ್ಕಕ್ಕೆ ಸಿಗುವಷ್ಟಾಗುತ್ತವೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ ಸಾವಿರಾರು ಶಿಶುಗಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನ 2013ರಲ್ಲಿ ಹೇಳಿದ್ದು ಇದನ್ನೇ. ಹುಟ್ಟಿನಿಂದ ಬರುವ ನ್ಯೂನತೆಗಳ ಪ್ರಮಾಣ ಸಾಮಾನ್ಯವಾಗಿ ಶೇ. 3ರಷ್ಟಿದ್ದರೆ, ಒಡಹುಟ್ಟಿದವರ ಮಕ್ಕಳು ಮದುವೆಯಾದ ಮನೆಗಳಲ್ಲಿ ಶೇ. 6ರಷ್ಟು.

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ರಕ್ತಪರೀಕ್ಷೆ ನಡೆಸಿದ ದೊಡ್ಡ ಯೋಜನೆಯೊಂದರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಅವರ ಜೊತೆಗಾರರು ತಾಯ್ತಂದೆಯರ ಸಂಬಂಧವನ್ನೂ ದಾಖಲಿಸಿದರು. ಸುಮಾರು ಮೂರನೇ ಒಂದು ಪಾಲು ದಂಪತಿಗಳು ರಕ್ತಸಂಬಂಧಿಗಳಾಗಿದ್ದರು, ಅವರಲ್ಲಿ ಸೋದರಮಾವನನ್ನು ಮದುವೆಯಾದವರೂ ಬಹಳ ಮಂದಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ರಾಜ್ಯದಲ್ಲಿ ನಾಲ್ಕು ಜನ ವಿವಾಹಿತೆಯರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಒಳಸಂಬಂಧದಲ್ಲಿ ಮದುವೆಯಾದವರು. ದೇಶದ ಸರಾಸರಿ ಅದರ ಅರ್ಧಕ್ಕಿಂತಲೂ ಕಡಿಮೆ. ಕಾನೂನು ಈ ವಿಷಯದಲ್ಲಿ ವರ್ಣತಂತುವಿಗೆ ಹತ್ತಿರವಾಗಿದೆ. 1946ರ ಒಂದು ಕಾಯಿದೆ ಸಗೋತ್ರ ಮದುವೆಯ ಮೇಲಿದ್ದ ಅಡ್ಡಿಯನ್ನು ತೆಗೆದುಹಾಕಿತು. 1955ರ ಹಿಂದೂ ವಿವಾಹ ಕಾಯಿದೆ ಮಾವ–ಸೋದರಸೊಸೆಯ ಮದುವೆಯನ್ನು ನಿಷಿದ್ಧ ಸಂಬಂಧಗಳ ಪಟ್ಟಿಗೆ ಸೇರಿಸಿತು. ಆದರೆ ರೂಢಿಯಿದ್ದರೆ ನಡೆಯಬಹುದು ಎಂದು ಬಾಗಿಲು ತೆರೆದೇ ಇಟ್ಟಿತು, ನಾವು ಆ ಬಾಗಿಲಿನಿಂದಲೇ ಓಡಾಡುತ್ತಿದ್ದೇವೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲ ಮನೆಗಳಲ್ಲೂ ಕೇಳುವಂಥದ್ದು: ನಮ್ಮ ಅಜ್ಜ ಅಜ್ಜಿ ಸೋದರಿಕೆಯಲ್ಲೇ ಮದುವೆಯಾದವರು, ಯಾರಿಗೂ ಏನೂ ಆಗಲಿಲ್ಲವಲ್ಲ? ಆಗದಿರುವುದೇ ಹೆಚ್ಚು. ಮೇಲಿನ ಲೆಕ್ಕದ ಪ್ರಕಾರವೇ ಒಳಸಂಬಂಧದ ಮದುವೆಗಳಲ್ಲೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಹಾಗಾಗಿ ಒಂದೊಂದು ಮನೆಯನ್ನು ನೋಡಿದರೆ ಏನೂ ತಿಳಿಯುವುದಿಲ್ಲ, ಸಾವಿರಾರು ಮನೆಗಳನ್ನು ಕೂಡಿಸಿ ನೋಡಿದಾಗಲೇ ವ್ಯತ್ಯಾಸ ಕಾಣುವುದು. ಇನ್ನೊಂದು ಮಾತನ್ನೂ ನೆನೆಯಬೇಕು. ಆ ಕಾಲದಲ್ಲಿ ಹೆತ್ತವಳಿಗೆ ಎಂಟೋ ಹತ್ತೋ ಮಕ್ಕಳು, ಅವರಲ್ಲಿ ಕೆಲವರು ತೀರಿಕೊಳ್ಳುವುದು ಎಲ್ಲ ಮನೆಗಳ ಪಾಡು. ಜ್ವರಕ್ಕೆ ಹೋದ ಮಗು ಯಾವುದು, ಹುಟ್ಟುತ್ತಲೇ ದೇಹದಲ್ಲಿ ಒಂದು ಕಿಣ್ವ ಇಲ್ಲದೆ ಹೋದದ್ದು ಯಾವುದು ಎಂದು ಬೇರೆ ಮಾಡಿ ಹೇಳುವವರು ಇರಲಿಲ್ಲ. ಸೋಂಕುಗಳು ಹಿಡಿತಕ್ಕೆ ಬಂದು ಮಕ್ಕಳ ಸಂಖ್ಯೆ ಒಂದೋ ಎರಡೋ ಆಗಿರುವ ಈಗ ಅದೇ ಸಾವು, ಅದೇ ಕಿವುಡು, ಅದೇ ಬುದ್ಧಿಮಾಂದ್ಯ ಎದ್ದು ಕಾಣುತ್ತದೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ದಕ್ಷಿಣ ಭಾರತದಲ್ಲಿ ಶತಮಾನಗಳಿಂದ ಒಳಸಂಬಂಧ ನಡೆದಿದೆ. ಕೆಟ್ಟ ಪ್ರತಿಗಳು ಎರಡೆರಡಾಗಿ ಸೇರಿದ ಮಕ್ಕಳು ಬದುಕಿ ಸಂತಾನ ಪಡೆಯದೆ ಹೋದದ್ದರಿಂದ ಆ ಪ್ರತಿಗಳೇ ಈಗ ಕಡಿಮೆಯಾಗಿರಬೇಕು ಎಂಬ ವಾದವನ್ನು ಎಲ್.ಡಿ. ಸಾಂಘ್ವಿ 1960ರ ದಶಕದಲ್ಲಿಯೇ ಮುಂದಿಟ್ಟರು. ತಾತ್ವಿಕವಾಗಿ ಇದು ಸರಿ. ತಮಿಳುನಾಡಿನ ಕೆಲವು ಹಳೆಯ ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸ ಕಾಣದಿದ್ದುದೂ ನಿಜ. ಆದರೆ ಕೆಟ್ಟ ಪ್ರತಿಗಳು ಹೀಗೆ ಸೋಸಿಹೋಗುವುದು ತೀರ ನಿಧಾನ. ಕೆಟ್ಟ ಪ್ರತಿಗಳಲ್ಲಿ ಬಹುಪಾಲು ಯಾವಾಗಲೂ ಆರೋಗ್ಯವಂತ ವಾಹಕರಲ್ಲೇ ಅಡಗಿರುತ್ತವೆ, ಹೊಸ ತಪ್ಪುಗಳು ಪ್ರತಿ ತಲೆಮಾರಿನಲ್ಲೂ ಹುಟ್ಟುತ್ತವೆ. ಹುಟ್ಟುಕಿವುಡನ್ನೇ ನೋಡಿ. ಜಿಜೆಬಿ2 ಎಂಬ ಜೀನಿನಲ್ಲಿ ಭಾರತೀಯರಲ್ಲಿ ಹೆಚ್ಚಾಗಿ ಕಾಣುವ ಒಂದು ಬದಲಾವಣೆಯಿದೆ, ಅದು ದುರ್ಬಲ ಬಗೆಯದು. ಇಷ್ಟು ಶತಮಾನಗಳ ನಂತರವೂ ಅದು ಅಳಿದಿಲ್ಲ. ಮೇಲಾಗಿ ಈ ವಾದವನ್ನು ಒಪ್ಪಿದರೂ ಅದರ ಅರ್ಥ, ಮುಂದಿನ ತಲೆಮಾರುಗಳ ಶುದ್ಧಿಗಾಗಿ ಈ ತಲೆಮಾರಿನ ಮಕ್ಕಳು ಸಾಯಲಿ ಎಂದಾಗುತ್ತದೆ. ಯಾವ ತಾಯ್ತಂದೆಯೂ ಇದನ್ನು ಸಮಾಧಾನವೆಂದು ತೆಗೆದುಕೊಳ್ಳಲಾರರು.

ಹಾಗೆಂದು ಎಲ್ಲ ಅನುವಂಶೀಯ ಕಾಯಿಲೆಯನ್ನೂ ಒಳಸಂಬಂಧದ ತಲೆಗೆ ಕಟ್ಟುವುದೂ ತಪ್ಪು. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರು ಹೊತ್ತ ಕೀಲುಮೂಳೆಯ ಕಾಯಿಲೆ 1970ರ ದಶಕದಲ್ಲಿ ಬೆಳಕಿಗೆ ಬಂದಾಗ ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಜನರ ಹೊಟ್ಟೆ ಸೇರಿದ್ದೇ ಕಾರಣವೆಂಬ ಊಹೆ ಇತ್ತು. ಅದು ವಂಶವಾಹಿಯಿಂದ ಬರುವ, ಮತ್ತು ಪ್ರಬಲ ಬಗೆಯ ಕಾಯಿಲೆ ಎಂಬುದು ನಂತರದ ಅಧ್ಯಯನಗಳ ನಿಲುವು. ಪ್ರಬಲ ಕಾಯಿಲೆಗೆ ಒಂದೇ ಕೆಟ್ಟ ಪ್ರತಿ ಸಾಕು. ತಾಯಿಯೋ ತಂದೆಯೋ ಒಬ್ಬರಲ್ಲಿದ್ದರೆ, ಅವರು ಯಾರನ್ನೇ ಮದುವೆಯಾಗಲಿ, ಮಗುವಿಗೆ ಬರುವ ಸಂಭವ ಎರಡರಲ್ಲಿ ಒಂದು. ವರ್ಣತಂತುಗಳ ಸಂಖ್ಯೆಯ ಏರುಪೇರಿನಿಂದ ಬರುವ ಡೌನ್ ಸಿಂಡ್ರೋಮ್‌ಗೂ ಒಳಸಂಬಂಧಕ್ಕೂ ಸಾಮಾನ್ಯವಾಗಿ ನಂಟಿಲ್ಲ.

ಹಾಗಾದರೆ ಸಂಬಂಧದಲ್ಲಿ ಬೇಡ, ನಮ್ಮ ಜಾತಿಯೊಳಗೇ ದೂರದವರನ್ನು ನೋಡಿದರಾಯಿತು ಎಂದು ಕೆಲವರು ನೆಮ್ಮದಿ ಪಡಬಹುದು. ಅಪಾಯ ಇಳಿಯುವುದು ನಿಜ, ಪೂರ್ತಿ ಇಳಿಯುವುದಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೈಕ್ ಮತ್ತು ಜೊತೆಗಾರರು 2017ರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಡಿಎನ್‌ಎ ಪರಿಶೀಲಿಸಿದಾಗ 81 ಸಮುದಾಯಗಳಲ್ಲಿ ಒಂದು ವಿಶೇಷ ಕಂಡಿತು. ಇವರ ಮೂಲಪುರುಷರೂ ಮೂಲಸ್ತ್ರೀಯರೂ ಒಂದು ಕಾಲಕ್ಕೆ ಬಹಳ ಸಣ್ಣ ಗುಂಪಾಗಿದ್ದರು, ನಂತರ ಹೊರಗಿನವರೊಂದಿಗೆ ಬೆರೆಯದೆ ಬೆಳೆದರು. ಆ ಸಣ್ಣ ಗುಂಪಿನ ಒಬ್ಬರಲ್ಲಿದ್ದ ಕೆಟ್ಟ ಪ್ರತಿ ಇಂದು ಲಕ್ಷಾಂತರ ಜನರಲ್ಲಿ ಹರಡಿರುತ್ತದೆ. ವೈಶ್ಯ ಸಮುದಾಯದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಕಿಣ್ವದ ಕೊರತೆ ಬೇರೆಡೆಗಿಂತ ನೂರು ಪಟ್ಟು ಹೆಚ್ಚು. ಅವರಲ್ಲಿ ಕೆಲವರಿಗೆ ಅರಿವಳಿಕೆಯ ನಂತರ ಬಹಳ ಹೊತ್ತು ಉಸಿರಾಟ ಮರಳದು. ಇದನ್ನು ಬಲ್ಲ ಅರಿವಳಿಕೆ ತಜ್ಞರು ಅದಕ್ಕಾಗಿಯೇ ಮೊದಲೇ ಸಮುದಾಯ ಕೇಳುತ್ತಾರೆ. ಗೋತ್ರ ಬೇರೆಯಾಗಬೇಕು ಜಾತಿ ಒಂದೇ ಆಗಬೇಕು ಎಂಬ ನಿಯಮ ಸಾವಿರ ವರ್ಷ ನಡೆದರೆ ಊರಿಡೀ ದೂರದ ನೆಂಟರಾಗುತ್ತಾರೆ, ವಂಶವೃಕ್ಷದಲ್ಲಿ ಅದು ಕಾಣಿಸದೆ ಹೋದರೂ.

ಒಳಸಂಬಂಧ ಉಳಿದುಬಂದಿರುವುದಕ್ಕೆ ಕಾರಣಗಳು ಗಟ್ಟಿಯಾಗಿವೆ. ಜಮೀನು ಚೂರಾಗುವುದಿಲ್ಲ, ವರದಕ್ಷಿಣೆಯ ಹೊರೆ ತಗ್ಗುತ್ತದೆ, ಹೆಣ್ಣುಮಗಳು ಹೋಗುವುದು ಅಜ್ಜಿಯ ಮನೆಗೆ. ಅಪರಿಚಿತ ಮನೆಗೆ ಮಗಳನ್ನು ಕಳಿಸುವ ಭಯವನ್ನು ಬಲ್ಲ ಯಾರೂ ಇದನ್ನು ಹಗುರವಾಗಿ ತಳ್ಳಿಹಾಕಲಾರರು. ಆದ್ದರಿಂದ ಬರೀ ಬೇಡ ಎಂದು ಹೇಳಿ ಹೋಗುವುದರಲ್ಲಿ ನನಗೆ ನಂಬಿಕೆಯಿಲ್ಲ. ಮದುವೆಯ ಮಾತು ಹಿರಿಯರ ಕೈಯಲ್ಲಿ ನಡೆಯುವ ಸಮಾಜಗಳಲ್ಲಿ ಒಂದು ಅನುಕೂಲವೂ ಇದೆ: ನಿಶ್ಚಯಕ್ಕೆ ಮೊದಲು ವಿಚಾರಿಸಲು ಸಮಯವಿರುತ್ತದೆ. ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳು ಇದನ್ನು ಬಳಸಿಕೊಂಡರು. ಟೇ–ಸ್ಯಾಕ್ಸ್ ಎಂಬ ಮಾರಕ ದುರ್ಬಲ ಕಾಯಿಲೆಗೆ ಮಕ್ಕಳನ್ನು ಕಳೆದುಕೊಂಡ ಧರ್ಮಗುರು ಜೋಸೆಫ್ ಎಕ್‌ಸ್ಟೈನ್ 1983ರಲ್ಲಿ ಡೋರ್ ಯೆಶೋರಿಮ್ ಎಂಬ ಸಂಸ್ಥೆ ಕಟ್ಟಿದರು. ಹುಡುಗ ಹುಡುಗಿಯರು ಮೊದಲೇ ರಕ್ತ ಕೊಟ್ಟು ಒಂದು ಸಂಖ್ಯೆ ಪಡೆಯುತ್ತಾರೆ. ಸಂಬಂಧದ ಮಾತು ಬಂದಾಗ ಎರಡು ಸಂಖ್ಯೆಗಳನ್ನು ತಿಳಿಸಿದರೆ ಇಬ್ಬರೂ ಒಂದೇ ಕಾಯಿಲೆಯ ವಾಹಕರೇ ಎಂಬುದನ್ನು ಮಾತ್ರ ಹೇಳುತ್ತಾರೆ. ಒಬ್ಬರೇ ವಾಹಕರಾಗಿದ್ದರೆ ಅದು ಯಾರ ಕಿವಿಗೂ ಬೀಳುವುದಿಲ್ಲ, ಯಾರ ಮದುವೆಯೂ ನಿಲ್ಲುವುದಿಲ್ಲ. ನಮ್ಮಲ್ಲಿ ಥಲಸ್ಸೀಮಿಯಾ ಮತ್ತು ಕುಡುಗೋಲು ಕಣ ಕಾಯಿಲೆಯ ವಾಹಕರನ್ನು ಒಂದು ರಕ್ತಪರೀಕ್ಷೆ ಗುರುತಿಸುತ್ತದೆ. ಮಠಗಳು, ಜಾತಿ ಸಂಘಗಳು ಸಾಮೂಹಿಕ ವಿವಾಹಗಳನ್ನು ನಡೆಸುವ ನಾಡು ಇದು; ವಧೂವರರ ಸಮಾವೇಶಕ್ಕೆ ಜಾಗ ಕೊಡುವ ಸಂಘ ಈ ಪರೀಕ್ಷೆಗೂ ಜಾಗ ಕೊಡಬಹುದು, ಫಲಿತಾಂಶದ ಗುಟ್ಟನ್ನು ಕಾಯುವ ಹೊಣೆಯನ್ನೂ ಹೊರಬಹುದು.

ಈಗಾಗಲೇ ಸಂಬಂಧದಲ್ಲಿ ಮದುವೆಯಾದವರಿಗೆ ಈ ಬರಹ ಅಪರಾಧಪ್ರಜ್ಞೆ ಹುಟ್ಟಿಸಬಾರದು. ಅವರು ಮಾಡಬೇಕಾದದ್ದು ಮಗುವಿಗೆ ಮೊದಲು ತಳಿ ಸಲಹಾ ಚಿಕಿತ್ಸಾಲಯಕ್ಕೆ ಹೋಗಿ ಎರಡೂ ಕಡೆಯ ಮೂರು ತಲೆಮಾರಿನ ಆರೋಗ್ಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆ ಇದಕ್ಕೆ ಬೇಕಾದ ಪರಿಣತರಿದ್ದಾರೆ. ಕಾಯಿಲೆಯ ಮಗು ಹುಟ್ಟಿದ ಮನೆಯಲ್ಲಿ ಸೊಸೆಯನ್ನು ದೂರುವುದು ಇಂದಿಗೂ ನಡೆಯುತ್ತಿದೆ. ದುರ್ಬಲ ಕಾಯಿಲೆಯಲ್ಲಿ ಒಂದು ಪ್ರತಿ ತಾಯಿಯದಾದರೆ ಇನ್ನೊಂದು ತಂದೆಯದೇ, ಇದರಲ್ಲಿ ಒಬ್ಬರನ್ನು ಮಾತ್ರ ದೂರಲು ಅವಕಾಶವೇ ಇಲ್ಲ. ಅಂಥ ಮಗುವಿನ ಆರೋಗ್ಯವಂತ ಅಣ್ಣನೋ ತಂಗಿಯೋ ವಾಹಕರಾಗಿರುವ ಸಂಭವ ಮೂರರಲ್ಲಿ ಎರಡು, ಚಿಕ್ಕಪ್ಪ ಸೋದರತ್ತೆ ಸೋದರಮಾವ ಚಿಕ್ಕಮ್ಮಂದಿರಲ್ಲಿ ಎರಡರಲ್ಲಿ ಒಂದು. ಅವರ ಪರೀಕ್ಷೆ ಅವರ ಮಕ್ಕಳ ಮದುವೆಯ ಮಾತು ಏಳುವ ಮೊದಲೇ ಆಗಬೇಕು, ಗೋತ್ರ ಯಾವುದೇ ಇರಲಿ.